ಆಲೂಗಡ್ಡೆ ತೂಗಿದ ನಟ

ರಾತ್ರಿ ಓದು ಮುಗಿಸಿ ಮಲಗುವ ಮುಂಚೆ ಮೊಬೈಲ್ ಹಿಡಿದರೆ ಸಾಕು, ನನಗೆ ಒಂದೇ ಬಗೆಯ ವಿಡಿಯೊಗಳು ಸಾಲುಸಾಲಾಗಿ ಬರುತ್ತವೆ. ‘ಆಗ ಹೇಗಿದ್ದರು, ಈಗ ಏನಾಗಿದ್ದಾರೆ ನೋಡಿ’ ಎನ್ನುವಂಥವು. ಹಳೆಯ ಟಿವಿ ಕಾರ್ಯಕ್ರಮದ ನಟನೊಬ್ಬನ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಕೆಂಪು ಬಾಣ ಹಾಕಿ, ಹಿಂದೆ ಅಳುವ ಸಂಗೀತ ಬಿಟ್ಟಿರುತ್ತಾರೆ. ನಾನು ಇಂಥವನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಸುಳ್ಳು ಏಕೆ ಹೇಳಲಿ, ನೋಡುವಾಗ ಒಂದು ಥರ ಖುಷಿಯೂ ಆಗುತ್ತಿತ್ತು. ಅಷ್ಟು ಎತ್ತರದಲ್ಲಿ ಇದ್ದವರು ಇಷ್ಟು ಕೆಳಗೆ ಬಂದರಲ್ಲ ಎಂಬ ಖುಷಿ.

ಹಾಗೆ ನೋಡುತ್ತಾ ಒಂದು ದಿನ ಸಿಕ್ಕಿದ್ದು ಜೆಫ್ರಿ ಓವೆನ್ಸ್ ಎಂಬ ಅಮೆರಿಕದ ನಟನ ಫೋಟೊ. ತಲೆ ನರೆತ, ಗಡ್ಡ ಬಿಟ್ಟ ಮನುಷ್ಯ. ಅಂಗಡಿಯ ಟಿ-ಶರ್ಟ್ ಹಾಕಿಕೊಂಡು, ಎದೆಯ ಮೇಲೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡು ಬಿಲ್ಲಿಂಗ್ ಕೌಂಟರಿನಲ್ಲಿ ನಿಂತಿದ್ದಾರೆ. ಈ ಬರಹ ಅವರ ಬಗ್ಗೆ. ಆದರೆ ಇದನ್ನು ಬರೆಯಲು ಕಾರಣ ಅವರೊಬ್ಬರೇ ಅಲ್ಲ. ನಾನೂ ಅಂಥದೇ ಒಂದು ಫೋಟೊ ತೆಗೆದಿದ್ದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ, ಮೊದಲೇ ಹೇಳಲು ಧೈರ್ಯ ಸಾಲದು.

ಓವೆನ್ಸ್ ಹುಟ್ಟಿದ್ದು 1961ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಅವರ ತಂದೆ ಮೇಜರ್ ಓವೆನ್ಸ್ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ 1983ರಿಂದ 2007ರವರೆಗೆ ಸದಸ್ಯರಾಗಿದ್ದವರು. ಮಗ ಓದಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. ಅಂದರೆ ಮನೆ, ಓದು ಎರಡರಲ್ಲೂ ಕೊರತೆ ಇಲ್ಲದ ಹುಡುಗ. 1985ರಲ್ಲಿ ಅವರಿಗೆ ‘ದಿ ಕಾಸ್ಬಿ ಶೋ’ ಎಂಬ ಸಿಟ್‌ಕಾಮ್‌ನಲ್ಲಿ ಪಾತ್ರ ಸಿಕ್ಕಿತು. ಸಿಟ್‌ಕಾಮ್ ಎಂದರೆ ಗೊತ್ತಲ್ಲ, ಅದೇ ಮನೆ, ಅದೇ ಸೋಫಾ, ಅದೇ ಜನ, ವಾರಕ್ಕೊಂದು ಹೊಸ ಪೇಚಾಟ. ನಮ್ಮ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಇದ್ದ ಹಾಗೆ.

‘ದಿ ಕಾಸ್ಬಿ ಶೋ’ 1984ರಿಂದ 1992ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ ನಡೆಯಿತು. ಸತತ 5 ಸೀಸನ್ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಅದೇ. ಬ್ರೂಕ್ಲಿನ್‌ನ ಒಂದು ಕಪ್ಪುವರ್ಣೀಯ ಕುಟುಂಬದ ಕಥೆ. ಅಪ್ಪ ಹೆರಿಗೆ ಡಾಕ್ಟರ್, ಅಮ್ಮ ವಕೀಲೆ, ಐದು ಮಕ್ಕಳು. ಅದುವರೆಗೆ ಅಮೆರಿಕದ ಟಿವಿಯಲ್ಲಿ ಕಪ್ಪುವರ್ಣೀಯರನ್ನು ಇಷ್ಟು ಓದಿದವರಾಗಿ, ಇಷ್ಟು ಅನುಕೂಲಸ್ಥರಾಗಿ ತೋರಿಸಿದ್ದು ಕಡಿಮೆ. ಟಿವಿಯಲ್ಲಿ ತಮ್ಮಂಥವರನ್ನು ಕಳ್ಳರೋ ಆಳುಗಳೋ ಆಗಿ ಮಾತ್ರ ನೋಡಿದವರಿಗೆ ಅದು ಎಷ್ಟು ದೊಡ್ಡ ವಿಷಯ ಎಂದು ನಮ್ಮ ಕಾಲೇಜಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಓವೆನ್ಸ್ ಮಾಡಿದ್ದು ಎಲ್ವಿನ್ ಎಂಬ ಪಾತ್ರ. ಹಿರಿಯ ಮಗಳು ಸಾಂಡ್ರಾಳ ಗೆಳೆಯ, ಆಮೇಲೆ ಗಂಡ, ಈ ಮನೆಯ ಅಳಿಯ. ಬಹಳ ಓದಿದ ಹುಡುಗ, ಆದರೆ ಹೆಂಗಸರು ಗಂಡಸರ ಸೇವೆ ಮಾಡಬೇಕು ಎಂಬ ಹಳೇ ತಲೆಯವನು. ಅತ್ತೆಯಾಗುವವಳ ಕೈಲಿ ಚೆನ್ನಾಗಿ ಬೈಸಿಕೊಳ್ಳುತ್ತಾನೆ. ನನಗೆ ಅವನಲ್ಲಿ ಇಷ್ಟವಾದ ಕಥೆ ಇನ್ನೊಂದು. ಎಲ್ವಿನ್ ಮೆಡಿಕಲ್ ಓದಬೇಕು, ಸಾಂಡ್ರಾ ಲಾ ಓದಬೇಕು ಎಂದು ಎಲ್ಲಾ ನಿಶ್ಚಯವಾಗಿರುತ್ತದೆ. ಆಗ ಇಬ್ಬರೂ ಬಂದು, ನಾವು ಅದನ್ನೆಲ್ಲಾ ಬಿಟ್ಟು ಒಂದು ಅಂಗಡಿ ಇಡುತ್ತೇವೆ ಎನ್ನುತ್ತಾರೆ. ಕಾಡು ಬೆಟ್ಟ ಸುತ್ತುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿ. ಮನೆಯಲ್ಲಿ ರಣರಂಗ. ಇಷ್ಟು ದುಡ್ಡು ಸುರಿದು ಓದಿಸಿದ್ದು ಅಂಗಡಿ ಇಡೋದಕ್ಕಾ ಎಂಬ ಪ್ರಶ್ನೆ. ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ. ಎಲ್ವಿನ್ ಮುಂದೆ ಮೆಡಿಕಲ್ ಸೇರುತ್ತಾನೆ, ಅಲ್ಲಿಗೆ ಎಲ್ಲರಿಗೂ ಸಮಾಧಾನ.

ಸುಮಾರು 30 ವರ್ಷಗಳ ನಂತರ ಅದೇ ನಟ ನಿಜವಾಗಿ ಅಂಗಡಿಯಲ್ಲಿ ನಿಂತಾಗ ಜನ ಕೇಳಿದ ಪ್ರಶ್ನೆಯೂ ಬೇರೆಯದಲ್ಲ.

ಈಗ ನಮ್ಮ ವಾಣಿಜ್ಯ ವಿಭಾಗದ ಲೆಕ್ಕಕ್ಕೆ ಬರೋಣ. ಇಷ್ಟು ಪ್ರಸಿದ್ಧ ಕಾರ್ಯಕ್ರಮದಲ್ಲಿ ಇದ್ದವರಿಗೆ ದುಡ್ಡಿಗೆ ಏಕೆ ತೊಂದರೆ ಎಂದು ನಾನೂ ಮೊದಲು ಅಂದುಕೊಂಡೆ. ಲೆಕ್ಕಶಾಸ್ತ್ರದಲ್ಲಿ ಗುಡ್‌ವಿಲ್ ಪಾಠ ಮಾಡುವಾಗ ನಮಗೆ ಹೇಳಿಕೊಟ್ಟಿದ್ದಾರೆ, ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಅನ್ನು ಮಾತ್ರ ಪುಸ್ತಕದಲ್ಲಿ ತೋರಿಸಬೇಕು, ತಾನೇ ದುಡಿದು ಗಳಿಸಿದ ಹೆಸರನ್ನು ಆಸ್ತಿ ಎಂದು ಬರೆಯುವಂತಿಲ್ಲ. ಆಗ ಈ ನಿಯಮ ಅನ್ಯಾಯ ಅನ್ನಿಸಿತ್ತು. ಓವೆನ್ಸ್ ಕಥೆ ಓದಿದ ಮೇಲೆ ಸರಿಯೇ ಇದೆ ಅನ್ನಿಸಿತು. ಜನ ರಸ್ತೆಯಲ್ಲಿ ಗುರುತು ಹಿಡಿಯುತ್ತಾರೆ, ನಿಜ. ಆದರೆ ಆ ಗುರುತನ್ನು ಬ್ಯಾಂಕಿಗೆ ಕಟ್ಟಲು ಬರುವುದಿಲ್ಲ, ಮನೆ ಬಾಡಿಗೆಗೆ ಕೊಡಲೂ ಬರುವುದಿಲ್ಲ.

ನಟರಿಗೆ ಬರುವ ದುಡ್ಡು ಎರಡು ಥರ. ಒಂದು, ಶೂಟಿಂಗ್ ಮಾಡಿದ್ದಕ್ಕೆ ಕೊಡುವ ಸಂಭಾವನೆ. ಅದು ಕಾರ್ಯಕ್ರಮ ಮುಗಿದ ದಿನ ನಿಲ್ಲುತ್ತದೆ. ಇನ್ನೊಂದನ್ನು ಅಮೆರಿಕದಲ್ಲಿ ರೆಸಿಡ್ಯುಯಲ್ಸ್ ಎನ್ನುತ್ತಾರೆ, ಅಂದರೆ ಮರುಪ್ರಸಾರದ ಪಾಲು. ಹಳೆಯ ಕಂತನ್ನು ಮತ್ತೆ ಟಿವಿಯಲ್ಲಿ ತೋರಿಸಿದಾಗ ಅದರಲ್ಲಿ ನಟಿಸಿದವರಿಗೆ ಒಂದಿಷ್ಟು ಹಣ ಹೋಗಬೇಕು. ಇದನ್ನು ಯಾರೂ ದಾನವಾಗಿ ಕೊಟ್ಟದ್ದಲ್ಲ. ನಟರ ಸಂಘ ಕೇಳಿ, ಜಗಳವಾಡಿ ಪಡೆದದ್ದು. 1960ರಲ್ಲಿ ಸಿನಿಮಾಗಳನ್ನು ಟಿವಿಯಲ್ಲಿ ತೋರಿಸುವಾಗಲೂ ಪಾಲು ಬೇಕೆಂದು ಮುಷ್ಕರ ಹೂಡಿದರು. ಆಗ ಸಂಘದ ಅಧ್ಯಕ್ಷರಾಗಿದ್ದವರು ಯಾರು ಗೊತ್ತೆ? ರೊನಾಲ್ಡ್ ರೇಗನ್. ಮುಂದೆ ಅಮೆರಿಕದ ಅಧ್ಯಕ್ಷರಾದವರು ಅವರೇ.

ಆದರೆ ಈ ಪಾಲು ಒಂದೇ ಸಮ ಇರುವುದಿಲ್ಲ. ಮತ್ತೆ ಮತ್ತೆ ತೋರಿಸಿದಂತೆಲ್ಲ ಇಳಿಯುತ್ತಾ ಹೋಗುತ್ತದೆ. ನಾವು ಯಂತ್ರದ ಮೇಲೆ ಸವಕಳಿ ಬರೆಯುತ್ತೇವಲ್ಲ, ಹಾಗೆಯೇ. ಮೊದಲು ದೊಡ್ಡ ಚೆಕ್, ಆಮೇಲೆ ಸಣ್ಣ ಚೆಕ್, ಆಮೇಲೆ ಇನ್ನೂ ಸಣ್ಣದು. ಹೊಸ ಪಾತ್ರ ಸಿಗದ ತಿಂಗಳುಗಳಲ್ಲಿ ಆ ಸಣ್ಣದೇ ಆಧಾರ.

ಓವೆನ್ಸ್ ವಿಷಯದಲ್ಲಿ ಆ ಆಧಾರವೂ ಕುಸಿಯಿತು, ಅದೂ ಅವರ ತಪ್ಪಿನಿಂದ ಅಲ್ಲ. ಕಾರ್ಯಕ್ರಮದ ಮುಖ್ಯ ನಟ ಬಿಲ್ ಕಾಸ್ಬಿ ಮೇಲೆ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. 2014 ಮತ್ತು 2015ರಲ್ಲಿ ವಾಹಿನಿಗಳು ಒಂದಾದ ಮೇಲೊಂದು ಮರುಪ್ರಸಾರ ನಿಲ್ಲಿಸಿದವು. ಒಂದು ವಾಹಿನಿ ಮತ್ತೆ ಶುರು ಮಾಡಿತ್ತು, 2018ರ ಏಪ್ರಿಲ್‌ನಲ್ಲಿ ಕಾಸ್ಬಿ ಅಪರಾಧಿ ಎಂದು ತೀರ್ಪು ಬಂದಾಗ ಅದೂ ನಿಲ್ಲಿಸಿತು. (ಆ ತೀರ್ಪನ್ನು 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ವಿಚಾರಣೆಯ ಕ್ರಮದ ಕಾರಣಕ್ಕೆ ರದ್ದು ಮಾಡಿತು.) ಆ ಮಹಿಳೆಯರ ನೋವಿನ ಮುಂದೆ ಒಂದು ಕಾಮಿಡಿ ಕಾರ್ಯಕ್ರಮ ಯಾವ ಲೆಕ್ಕ? ನಿಲ್ಲಿಸಿದ್ದು ತಪ್ಪು ಎಂದು ನಾನು ಹೇಳಲಾರೆ. ಆದರೆ ಪಾಲುದಾರಿಕೆ ಸಂಸ್ಥೆಯಲ್ಲಿ ಒಬ್ಬ ಪಾಲುದಾರ ಮಾಡಿದ್ದಕ್ಕೆ ಉಳಿದವರೂ ಹೊಣೆಯಾಗುತ್ತಾರೆ ಎಂದು ಓದುತ್ತೇವಲ್ಲ, ಇಲ್ಲಿ ಓವೆನ್ಸ್ ಪಾಲುದಾರರೂ ಆಗಿರಲಿಲ್ಲ. ಸಂಬಳಕ್ಕೆ ಕೆಲಸ ಮಾಡಿದವರು. ಲಾಭ ಹಂಚುವಾಗ ಇಲ್ಲದವರು ನಷ್ಟ ಹಂಚುವಾಗ ಇದ್ದರು. ತನಗೆ ಹಣದ ಅವಶ್ಯಕತೆ ಇದ್ದ ಹೊತ್ತಿನಲ್ಲೇ ಆ ವರಮಾನ ನಿಂತಿತು ಎಂದು ಅವರೇ ಹೇಳಿದ್ದಾರೆ.

ಅಷ್ಟು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ಬೇರೆ ಬೇರೆ ಕಾರ್ಯಕ್ರಮಗಳಲ್ಲಿ ಒಂದೊಂದು ಕಂತಿನ ಪಾತ್ರ, ರಂಗಭೂಮಿ, ಶೇಕ್ಸ್‌ಪಿಯರ್ ನಾಟಕಗಳು, ನಟನೆಯ ಪಾಠ ಹೇಳುವುದು, ಹೀಗೆ ಕೆಲಸ ನಡೆದೇ ಇತ್ತು. ಆದರೆ ಎಲ್ಲ ಸೇರಿಸಿದರೂ ಮನೆ ನಡೆಯುವಷ್ಟು ಆಗದಿದ್ದಾಗ ನ್ಯೂಜೆರ್ಸಿಯ ಕ್ಲಿಫ್ಟನ್ ಎಂಬ ಊರಿನ ಟ್ರೇಡರ್ ಜೋಸ್ ಅಂಗಡಿಗೆ ಸೇರಿದರು. ದಿನಸಿ, ತರಕಾರಿ ಮಾರುವ ಅಂಗಡಿ ಸರಣಿ ಅದು. 15 ತಿಂಗಳು ಅಲ್ಲಿ ದುಡಿದರು. ಆ ಕೆಲಸವನ್ನೇ ಏಕೆ ಆರಿಸಿಕೊಂಡರು ಎಂಬುದಕ್ಕೆ ಅವರು ಕೊಟ್ಟ ಕಾರಣ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸಮಯ ಹೊಂದಿಸಿಕೊಳ್ಳಬಹುದಾದ ಕೆಲಸ ಬೇಕಿತ್ತು, ಪಾಠ ಹೇಳಲು, ನಟನೆಯ ಆಯ್ಕೆ ಪರೀಕ್ಷೆಗಳಿಗೆ ಹೋಗಲು ಬಿಡುವು ಬೇಕಿತ್ತು. ಅಂದರೆ ನಟನೆ ಬಿಟ್ಟು ಅಂಗಡಿಗೆ ಹೋದದ್ದಲ್ಲ. ನಟನಾಗಿ ಉಳಿಯಲು ಅಂಗಡಿಗೆ ಹೋದದ್ದು.

2018ರ ಆಗಸ್ಟ್ ಕೊನೆಯಲ್ಲಿ ಗಿರಾಕಿಯೊಬ್ಬರು ಅವರ ಫೋಟೊ ತೆಗೆದರು. ಬ್ರಿಟನ್ನಿನ ‘ಡೈಲಿ ಮೇಲ್’ ಅದನ್ನು ಪ್ರಕಟಿಸಿತು, ಅಮೆರಿಕದ ‘ಫಾಕ್ಸ್ ನ್ಯೂಸ್’ ಎತ್ತಿಕೊಂಡಿತು. ಆ ವರದಿಯಲ್ಲಿ ಅವರ ಟಿ-ಶರ್ಟಿನ ಮೇಲಿನ ಕಲೆಗಳ ಬಗ್ಗೆ, ಅವರು ಆಲೂಗಡ್ಡೆ ಚೀಲ ತೂಗುತ್ತಿದ್ದುದರ ಬಗ್ಗೆ ಬರೆದಿದ್ದರು. ಇದರಲ್ಲಿ ಸುದ್ದಿ ಏನು? 57 ವರ್ಷದ ಮನುಷ್ಯ ತನ್ನ ಕೆಲಸದ ಜಾಗದಲ್ಲಿ ತನ್ನ ಕೆಲಸ ಮಾಡುತ್ತಿದ್ದ. ದಿನವಿಡೀ ತರಕಾರಿ ಎತ್ತಿ ಇಳಿಸಿದರೆ ಟಿ-ಶರ್ಟಿಗೆ ಕಲೆಯಾಗುತ್ತದೆ. ನಮ್ಮ ಅಬ್ಬಾ ಬೇಕರಿಯ ಕೌಂಟರಿನಲ್ಲಿ ಬಿಲ್ ಬರೆಯುತ್ತಾರೆ. ಸಂಜೆ ಮನೆಗೆ ಬಂದಾಗ ಅವರ ಅಂಗಿಯ ತೋಳಿನ ಮೇಲೆ ದಿಲ್‌ಪಸಂದ್‌ನ ಸಕ್ಕರೆ ಪುಡಿಯೋ ಎಣ್ಣೆಯೋ ಇಲ್ಲದ ದಿನವೇ ಇಲ್ಲ.

ಮುಂದೆ ನಡೆದದ್ದು ಆ ಪತ್ರಿಕೆಗಳು ಎಣಿಸದೇ ಇದ್ದದ್ದು. ಜನ ಫೋಟೊ ನೋಡಿ ನಗಲಿಲ್ಲ, ಫೋಟೊ ಹಾಕಿದವರ ಮೇಲೆ ಸಿಟ್ಟಾದರು. ನೂರಾರು ನಟರು ತಾವು ಹೊಟ್ಟೆಪಾಡಿಗೆ ಯಾವ ಯಾವ ಕೆಲಸ ಮಾಡಿದ್ದೆವು, ಈಗಲೂ ಮಾಡುತ್ತಿದ್ದೇವೆ ಎಂದು ಬರೆದರು. ‘ಬ್ರೂಕ್ಲಿನ್ ನೈನ್-ನೈನ್’ ಸಿಟ್‌ಕಾಮ್‌ನ ಟೆರಿ ಕ್ರೂಸ್, ತಾನು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಡಿ ಬಂದ ಮೇಲೂ ನೆಲ ಗುಡಿಸಿದ್ದೆ, ಬೇಕಾದರೆ ಮತ್ತೆ ಗುಡಿಸುತ್ತೇನೆ ಎಂದರು. ಫೋಟೊ ತೆಗೆದ ಗಿರಾಕಿಯೂ ಕ್ಷಮೆ ಕೇಳಿದರು.

ಸೆಪ್ಟೆಂಬರ್ 4ರಂದು ಓವೆನ್ಸ್ ‘ಗುಡ್ ಮಾರ್ನಿಂಗ್ ಅಮೆರಿಕ’ ಕಾರ್ಯಕ್ರಮಕ್ಕೆ ಬಂದರು. ಅಂಗಡಿಯ ಹೆಸರಿನ ಬಿಲ್ಲೆಯನ್ನು ಸಿಕ್ಕಿಸಿಕೊಂಡೇ ಬಂದಿದ್ದರು. ಆ ಹೊತ್ತಿಗೆ ಜನರ ಕಣ್ಣು ತಾಳಲಾರದೆ ಅಂಗಡಿಯ ಕೆಲಸ ಬಿಟ್ಟಿದ್ದರು, ಇದನ್ನು ನೆನಪಿಡಿ. ಬೆಂಬಲ ಎಷ್ಟೇ ಬಂದರೂ ಫೋಟೊ ಅವರ ಕೈಯಿಂದ ಒಂದು ಕೆಲಸವನ್ನು ಕಿತ್ತುಕೊಂಡಿತ್ತು. ಮೊದಲು ತನಗೆ ತುಂಬಾ ನೋವಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ಕೆಲಸಕ್ಕೆ ಹೆಚ್ಚು ಸಂಬಳ ಇರಬಹುದು, ಹೆಚ್ಚು ಸೌಲಭ್ಯ ಇರಬಹುದು, ಆದರೆ ಯಾವ ಕೆಲಸವೂ ಇನ್ನೊಂದಕ್ಕಿಂತ ಮೇಲಲ್ಲ ಎಂಬ ಅರ್ಥದ ಮಾತು ಆಡಿದರು. ಈ ಮಾತು ಎಲ್ಲೆಡೆ ಹರಡಿತು. ನನಗೆ ಅದಕ್ಕಿಂತ ಇಷ್ಟವಾದದ್ದು ಅವರು ಹೇಳಿದ ಇನ್ನೊಂದು ವಿಷಯ. ಈ ಗಲಾಟೆಯ ಕಾರಣಕ್ಕೆ ಯಾರಾದರೂ ನನ್ನನ್ನು ಆಯ್ಕೆ ಪರೀಕ್ಷೆಗೆ ಕರೆದರೆ ಸಂತೋಷ, ಆದರೆ ಇದೇ ಕಾರಣಕ್ಕೆ ಪಾತ್ರವನ್ನೇ ಕೊಟ್ಟುಬಿಟ್ಟರೆ ನನಗೆ ಮುಜುಗರವಾಗುತ್ತದೆ ಎಂದರು. ಪರೀಕ್ಷೆ ಬರೆಯಲು ಬಿಡಿ, ಅಂಕ ಸುಮ್ಮನೆ ಕೊಡಬೇಡಿ ಎಂದ ಹಾಗೆ.

ಆದರೂ ಪಾತ್ರಗಳು ಬಂದವು. ಟೈಲರ್ ಪೆರಿ ತಮ್ಮ ‘ದಿ ಹ್ಯಾವ್ಸ್ ಆ್ಯಂಡ್ ದಿ ಹ್ಯಾವ್ ನಾಟ್ಸ್’ ಧಾರಾವಾಹಿಗೆ ಕರೆದರು. ಹೆಸರೇ ನೋಡಿ, ಇದ್ದವರು ಮತ್ತು ಇಲ್ಲದವರು! ಗಾಯಕಿ ನಿಕಿ ಮಿನಾಜ್ 25,000 ಡಾಲರ್ ಕೊಡುತ್ತೇನೆ ಎಂದರು. ಓವೆನ್ಸ್ ಆ ಹಣವನ್ನು ಕಷ್ಟದಲ್ಲಿರುವ ಕಲಾವಿದರಿಗೆ ನೆರವಾಗುವ ‘ಆ್ಯಕ್ಟರ್ಸ್ ಫಂಡ್’ ಸಂಸ್ಥೆಗೆ ಕೊಟ್ಟುಬಿಟ್ಟರು.

ಇಲ್ಲಿ ನನ್ನದೊಂದು ತಕರಾರು ಇದೆ. ಯಾವ ಕೆಲಸವೂ ಕೀಳಲ್ಲ ಎಂದು ಓವೆನ್ಸ್ ಹೇಳಿದರೆ ಅದಕ್ಕೆ ತೂಕ ಇದೆ, ಅವರು ಮಾಡಿ ಹೇಳಿದ್ದಾರೆ. ಅದೇ ಮಾತನ್ನು ಸಂಬಳ ಕೊಡುವವರು ಹೇಳಿದರೆ ನಾನು ಅನುಮಾನ ಪಡುತ್ತೇನೆ. ಕೆಲಸಕ್ಕೆ ಗೌರವ ಇದೆ, ಅದಕ್ಕೇ ಕೂಲಿ ಕೇಳಬೇಡ ಎಂದು ಮಾತು ತಿರುಗಿಬಿಡುತ್ತದೆ. ಗೌರವದ ಜೊತೆಗೆ ದುಡ್ಡಿನ ಮಾತೂ ಆಗಲೇಬೇಕು. ‘ಫ್ರೆಂಡ್ಸ್’ ಸಿಟ್‌ಕಾಮ್ ನಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಮೊದಲ ಸೀಸನ್‌ನಲ್ಲಿ ಅದರ ನಟರಿಗೆ ಕಂತಿಗೆ 22,500 ಡಾಲರ್, ಕೊನೆಯ ಎರಡು ಸೀಸನ್‌ನಲ್ಲಿ ಒಬ್ಬೊಬ್ಬರಿಗೂ 10 ಲಕ್ಷ ಡಾಲರ್. ಆರೂ ಜನ ಬೇರೆ ಬೇರೆಯಾಗಿ ಹೋಗದೆ ಒಟ್ಟಿಗೆ ಕುಳಿತು, ಎಲ್ಲರಿಗೂ ಸಮ ಕೊಡಿ ಎಂದು ಕೇಳಿದ್ದರಿಂದ ಇದು ಆಯಿತು. ಹಾಗೆಂದು ಎಲ್ಲ ನಟರೂ ‘ಫ್ರೆಂಡ್ಸ್’ ನಟರಲ್ಲ. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಮಾಡಿತು. ಇಂಟರ್‌ನೆಟ್ ವೇದಿಕೆಗಳಿಂದ ಬರುವ ಮರುಪ್ರಸಾರದ ಪಾಲು ಏನೇನೂ ಸಾಲದು ಎಂಬುದು ಅವರ ದೂರುಗಳಲ್ಲಿ ಒಂದು. ಆ ವರ್ಷ ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ನಟನೆಯಿಂದ ವರ್ಷಕ್ಕೆ 26,470 ಡಾಲರ್ ದುಡಿದಿರಬೇಕಿತ್ತು. ಸದಸ್ಯರಲ್ಲಿ ಹೆಚ್ಚಿನವರು ಅಷ್ಟನ್ನೂ ಮುಟ್ಟುವುದಿಲ್ಲ. ನಾವು ‘ಸ್ಟಾರ್’ ಎಂದು ಕರೆಯುವ ಲೋಕದ ಬಹುಪಾಲು ಜನ ಇವರೇ. ಒಂದು ಕಂತಿನಲ್ಲಿ ಬಾಗಿಲು ತೆರೆಯುವವರು, ಡಾಕ್ಟರಾಗಿ ಬಂದು ಎರಡು ಮಾತಾಡಿ ಹೋಗುವವರು.

ಇನ್ನೊಂದು ತಕರಾರು ಆ ‘ಅಯ್ಯೋ ಪಾಪ’ದ ಬಗ್ಗೆ. ನಗುವುದು ತಪ್ಪು ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅಳುವ ಸಂಗೀತ ಹಾಕಿ ಮರುಗುವವರು ತಾವು ಒಳ್ಳೆಯವರು ಅಂದುಕೊಂಡಿರುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ, ಅಂಗಡಿಯಲ್ಲಿ ನಿಲ್ಲುವುದು ಎಂದರೆ ಬಿದ್ದುಹೋದಂತೆ ಎಂದು. ಹಾಗಾದರೆ ಅದೇ ಕೌಂಟರಿನಲ್ಲಿ ಪಕ್ಕದಲ್ಲಿ ನಿಂತು ಬಿಲ್ ಮಾಡುತ್ತಿದ್ದವರು, ಟಿವಿಯಲ್ಲಿ ಯಾವತ್ತೂ ಬರದವರು, ಅವರು ಎಲ್ಲಿಂದ ಬಿದ್ದವರು? ಅವರ ಬಗ್ಗೆ ಯಾರೂ ಮರುಗಲಿಲ್ಲ, ಯಾರೂ 25,000 ಡಾಲರ್ ಕೊಡಲಿಲ್ಲ.

ನಮ್ಮ ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮ ನಡೆದಾಗ ಪರದೆಯ ಮೇಲೆ ಒಂದು ಏಣಿಯ ಚಿತ್ರ ತೋರಿಸಿದ್ದರು. ಕೆಳಗಿನ ಮೆಟ್ಟಿಲಲ್ಲಿ ಪಿಯುಸಿ, ಮೇಲೆ ಬಿ.ಕಾಂ., ಸಿಎ, ಬ್ಯಾಂಕು. ಕಾರ್ಯಕ್ರಮ ಚೆನ್ನಾಗಿತ್ತು, ದೂರುತ್ತಿಲ್ಲ. ಆದರೆ ಓವೆನ್ಸ್ ಬದುಕನ್ನು ಆ ಏಣಿಯ ಮೇಲೆ ಎಲ್ಲಿ ನಿಲ್ಲಿಸುವುದು ಎಂದು ನನಗೆ ತಿಳಿಯುವುದಿಲ್ಲ. ಬೆಳಿಗ್ಗೆ ಆಲೂಗಡ್ಡೆ ತೂಗಿ, ಸಂಜೆ ಶೇಕ್ಸ್‌ಪಿಯರ್ ಪಾಠ ಹೇಳುವವರು ಮೇಲಿನ ಮೆಟ್ಟಿಲಲ್ಲಿದ್ದಾರಾ, ಕೆಳಗಿನದರಲ್ಲಾ?

ಇನ್ನು ನನ್ನ ಫೋಟೊ.

ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ಸರ್ ಒಬ್ಬರಿದ್ದರು. ಅತಿಥಿ ಶಿಕ್ಷಕರು. ಮನೆಯಲ್ಲಿ ಉರ್ದು ಮಾತಾಡುವ ನಮಗೆ ‘ಳ’ ಅಕ್ಷರ ನಾಲಿಗೆಗೆ ಹತ್ತುವುದಿಲ್ಲ. ಎಂಟನೇ ತರಗತಿಯಲ್ಲಿ ನಾನು ಎದ್ದು ನಿಂತು, ‘ಸರ್, ರಜಾದಲ್ಲಿ ನಾನಿಯ ಹಲ್ಲಿಗೆ ಹೋಗಿದ್ದೆ’ ಎಂದಿದ್ದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಸರ್ ನಗಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನನ್ನೂ ಇನ್ನೂ ನಾಲ್ಕು ಹುಡುಗಿಯರನ್ನೂ ಕೂರಿಸಿಕೊಂಡು, ನಾಲಿಗೆಯನ್ನು ಎಲ್ಲಿ ಮಡಚಬೇಕು ಎಂದು ಒಂದು ವಾರ ಹೇಳಿಕೊಟ್ಟರು. ಹಳ್ಳಿ, ಬೆಳಕು, ಕೊಳ, ಮಳೆ. ಇವತ್ತು ನಾನು ಈ ಬರಹವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದರೆ ಆ ಒಂದು ವಾರದಿಂದ.

ಕಳೆದ ಬೇಸಿಗೆ ರಜೆಯಲ್ಲಿ ಅಮ್ಮಿ ಜೊತೆ ಆಟೊದಲ್ಲಿ ಹೋಗುತ್ತಿದ್ದೆ. ಬಿರಿಯಾನಿ ಹೋಟೆಲ್ ಮುಂದೆ ಬೈಕ್ ಮೇಲೆ ದೊಡ್ಡ ಚೌಕಾಕಾರದ ಬ್ಯಾಗ್ ಇಟ್ಟುಕೊಂಡು, ಕಂಪನಿಯ ಟಿ-ಶರ್ಟ್ ಹಾಕಿ ನಿಂತಿದ್ದವರು ಸರ್. ನಾನು ಯೋಚನೆಯನ್ನೇ ಮಾಡಲಿಲ್ಲ. ಫೋಟೊ ತೆಗೆದು, ‘ನಮ್ಮ ಕನ್ನಡ ಸರ್ ಈಗ ಬಿರಿಯಾನಿ ಸರ್’ ಎಂದು ಬರೆದು, ನಗುವ ಮುಖ ಹಾಕಿ ಸ್ಟೇಟಸ್ ಇಟ್ಟೆ. ಮನೆ ಮುಟ್ಟುವುದರೊಳಗೆ 61 ಜನ ನೋಡಿದ್ದರು. ಅರ್ಧದಷ್ಟು ಜನ ನಗುವ ಮುಖವನ್ನೇ ವಾಪಸ್ ಕಳಿಸಿದ್ದರು. ನನಗೆ ಹೆಮ್ಮೆ.

ಅತಿಥಿ ಶಿಕ್ಷಕರಿಗೆ ಗೌರವಧನ ಸಿಗುವುದು ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಿಗೆ ರಜೆಗೆ ಇಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಫೋಟೊ ಹಾಕುತ್ತಿರಲಿಲ್ಲ ಎಂದು ಹೇಳಲು ಮನಸ್ಸಾಗುತ್ತದೆ. ಆದರೆ ಓವೆನ್ಸ್ ಕಥೆ ಓದಿದ ಮೇಲೆ ಅದೂ ಸರಿಯಾದ ಮಾತಲ್ಲ ಎನಿಸುತ್ತಿದೆ. ಕಾರಣ ಗೊತ್ತಾದ ಮೇಲೆ ಮಾತ್ರ ಗೌರವ ಕೊಡುತ್ತೇನೆ ಎಂದಾದರೆ ಅದೆಂಥ ಗೌರವ?

ರಾತ್ರಿ ಅಬ್ಬಾ ನನ್ನ ಸ್ಟೇಟಸ್ ನೋಡಿದರು. ಬೈಯಲಿಲ್ಲ. ‘ಹಲಾಲ್ ಕಮಾಯಿ ಮೇ ಶರಮ್ ಕಾಯ್ಕಿ?’ ಎಂದು ಕೇಳಿದರು. ನ್ಯಾಯವಾಗಿ ದುಡಿಯುವುದರಲ್ಲಿ ನಾಚಿಕೆ ಏನು ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಕೌಂಟರಿನಲ್ಲಿ ಕೂತಿರುವ ಫೋಟೊನೂ ಯಾರ ಸ್ಟೇಟಸ್‌ನಲ್ಲಾದರೂ ಇದೆಯಾ?’ ಎಂದರು. ಅದು ತಮಾಷೆಯೋ ನಿಜವೋ ಇವತ್ತಿಗೂ ತಿಳಿದಿಲ್ಲ. ಫೋಟೊ ಅಳಿಸಿದೆ. ಅಷ್ಟರಲ್ಲಿ ಅದು ಎರಡು ಗುಂಪುಗಳಿಗೆ ಹೋಗಿತ್ತು, ಅಲ್ಲಿಂದ ಅಳಿಸುವುದು ನನ್ನ ಕೈಯಲ್ಲಿರಲಿಲ್ಲ.

ಕಾಲೇಜು ಶುರುವಾದ ಮೇಲೆ ಒಂದು ಸಂಜೆ ಅದೇ ಹೋಟೆಲ್ ಮುಂದೆ ಸರ್ ಸಿಕ್ಕರು. ಶಾಲೆ ಮುಗಿಸಿ ಸಂಜೆ ಹೊತ್ತು ಈಗಲೂ ಹೋಗುತ್ತಾರಂತೆ. ನಾನೇ ಹೋಗಿ ಸಲಾಂ ಹೇಳಿ, ಎಲ್ಲವನ್ನೂ ಹೇಳಿದೆ. ಗಂಟಲು ಕಟ್ಟಿ, ಅರ್ಧ ಕನ್ನಡ ಅರ್ಧ ಉರ್ದು ಬಂತು. ಸರ್ ಪೂರ್ತಿ ಕೇಳಿಸಿಕೊಂಡರು.

‘ಫೋಟೊದಲ್ಲಿ ಹೆಲ್ಮೆಟ್ ಹಾಕಿದ್ನೇನಮ್ಮ?’ ಎಂದು ಕೇಳಿದರು.

‘ಇಲ್ಲ ಸರ್, ಕೈಯಲ್ಲಿ ಹಿಡ್ಕೊಂಡಿದ್ರಿ.’

‘ನೋಡು, ಅದೊಂದು ತಪ್ಪಾಯ್ತು. ಮಕ್ಕಳಿಗೆ ಹಾಕ್ಕೊಳ್ಳಿ ಅಂತ ಹೇಳೋನು ನಾನು.’

ಆಮೇಲೆ ಈಗ ಏನು ಓದುತ್ತಿದ್ದೀಯ ಎಂದರು. ಕಾಮರ್ಸ್ ಎಂದೆ. ಕಾಲೇಜಿನ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ, ಒಬ್ಬ ಟಿವಿ ನಟನ ಬಗ್ಗೆ, ಅದರಲ್ಲಿ ನಿಮ್ಮ ವಿಷಯವೂ ಬರಬಹುದು, ಹೆಸರು ಹಾಕುವುದಿಲ್ಲ ಎಂದೆ. ‘ಹಾಕು, ಬೇಡ ಅಂದೋರ್ಯಾರು. ಬರೆದು ಮುಗಿಸಿದ ಮೇಲೆ ನಂಗೊಂದ್ಸಲ ತೋರಿಸು, ಒತ್ತಕ್ಷರ ನೋಡ್ಬೇಕು’ ಎಂದರು. ಹೆಸರು ನಾನು ಹಾಕಿಲ್ಲ. ಒತ್ತಕ್ಷರ ಅವರೇ ನೋಡಿದ್ದಾರೆ, ಏಳು ಕಡೆ ತಿದ್ದಿದ್ದಾರೆ.

ಅವತ್ತು ಇನ್ನೂ ಏನೋ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅವರ ಮೊಬೈಲ್ ಸದ್ದು ಮಾಡಿತು. ಪಾರ್ಸೆಲ್ ಸಿದ್ಧವಾಗಿತ್ತು, ತಡವಾದರೆ ಅವರಿಗೆ ನಷ್ಟ. ಬ್ಯಾಗಿನೊಳಗೆ ಅದನ್ನು ನೆಟ್ಟಗೆ ಇಟ್ಟು, ಜಿಪ್ ಎಳೆದು, ಈ ಸಲ ಹೆಲ್ಮೆಟ್ ಹಾಕಿಕೊಂಡು, ‘ಎಲ್ಲಿ, ಹಳ್ಳಿ ಅನ್ನು ನೋಡೋಣ’ ಎಂದರು.

‘ಹಳ್ಳಿ’ ಎಂದೆ.

‘ಹ್ಞೂಂ’ ಎಂದು ಬೈಕ್ ಸ್ಟಾರ್ಟ್ ಮಾಡಿದರು.